ಮೂವತ್ತೆಂಟನೆಯ ಸಾಲು

ಡಿಸೆಂಬರ್ ಬಂತೆಂದರೆ ಜಾನುವಾರು ಎಣಿಸುವ ಕೆಲಸ ನನಗೆ.
ಕುರಿ, ಆಡು, ಚಮರಿ, ಒಂಟೆ, ಕುದುರೆ.
ಕುದುರೆಯ ಕಾಗದದಲ್ಲಿ ಈ ವರ್ಷ ಬಣ್ಣಕ್ಕೂ ಒಂದು ಖಾನೆ:
ಕಪ್ಪು, ಬಿಳಿ, ಕಂದು, ಇತರೆ.

ಖಾಂಗಾಯ್ ಬೆಟ್ಟದ ಬೆನ್ನಿಗೆ ಗೊಂಬೊಜಾವ್ ಅಜ್ಜನ ಡೇರೆ.
ಒಲೆಯಲ್ಲಿ ಬೆರಣಿ, ಒಲೆಯ ಮೇಲೆ ಉಪ್ಪು ಹಾಕಿದ ಹಾಲಿನ ಚಹ.
ಅಜ್ಜನ ಎರಡು ಕಣ್ಣಿಗೂ ಪೊರೆ.
"ಮೊದಲು ನೀಲಿ ಹೋಯಿತು," ಎಂದ,
"ಆಮೇಲೆ ಸೊಸೆಯ ಮುಖ."
ಸೊಸೆ ಬಟ್ಟಲನ್ನು ತುಸು ಜೋರಾಗಿಯೇ ಇಟ್ಟಳು.

"ಬರೆದುಕೋ.
ಮುಂದಾಳು ಗಂಡು, ಜೇರ್ದ್:
ಕಾದ ತಾಮ್ರವನ್ನು ನೀರಿಗದ್ದಿ ತೆಗೆದಾಗಿನ ಕೆಂಪು.
ಅವನ ಹಿಂದೆ ಖೇರ್,
ಮೈ ಕೆಂಗಂದು, ಬಾಲ ಜೂಲು ಇದ್ದಿಲು.
ಖುಲ್ ಎರಡು, ಒಣಹುಲ್ಲಿನವು,
ಬೆನ್ನುದ್ದಕ್ಕೂ ಯಾರೋ ಕರಿ ಗೆರೆ ಎಳೆದು
ಅಳಿಸುವುದ ಮರೆತ ಹಾಗೆ.
ಸಾರಲ್ ಒಂದು. ಬೂದಿಯಲ್ಲ, ಬೂದಿಯ ಮೇಲೆ ಬಿದ್ದ ಮೊದಲ ಹಿಮ.
ಬೂರಲ್ ಮೂರು, ಬಿಳಿ ಕರಿ ಕೂದಲು ಕಲಸಿಕೊಂಡವು.
ನನ್ನ ತಲೆಗೂ ಅದೇ ಮಾತು."

ನಾನು ಗೀಚುತ್ತ ಹೋದೆ:
ಕಂದು, ಕಂದು, ಇತರೆ, ಇತರೆ, ಕಂದು.

ಅಜ್ಜ ನಿಲ್ಲಿಸಿ ಕಿವಿಗೊಟ್ಟ.
"ಎಲ್ಲಕ್ಕೂ ಒಂದೇ ಸದ್ದು ಬರುತ್ತಿದೆಯಲ್ಲ ನಿನ್ನ ಪೆನ್ನಿನಿಂದ?"
ಚಳಿಗೆ ಶಾಯಿ ಗಟ್ಟಿಯಾಗಿದೆ ಎಂದು ಸುಳ್ಳು ಹೇಳಿದೆ.

ಮೂವತ್ತೇಳು ಆಯಿತು.
"ಇನ್ನೊಂದಿದೆ, ಈ ವಸಂತದ ಮರಿ.
ಅದರ ಉಸಿರು ಗೊತ್ತು, ಹೆಜ್ಜೆ ಗೊತ್ತು,
ಕಿವಿಯ ಹಿಂದಿನ ಸುಳಿ ಬೆರಳಿಗೆ ಗೊತ್ತು.
ಬಣ್ಣ ಗೊತ್ತಿಲ್ಲ.
ಮನೆಯವರು ನನಗೆ ಹಿತವಾದದ್ದನ್ನೇ ಹೇಳುತ್ತಾರೆ.
ನೀನು ಸರ್ಕಾರದವಳು. ಹೇಳು."

ಹೊರಗೆ ಮರಿಯ ರೆಪ್ಪೆಯ ಮೇಲೂ ಮಂಜು ಹರಳುಗಟ್ಟಿತ್ತು.
ನಾನು ನಾಲ್ಕನೆಯ ಮಹಡಿಯಲ್ಲಿ ಬೆಳೆದವಳು;
ನನ್ನ ಬಣ್ಣದ ಮಾತೆಲ್ಲ ತುಟಿರಂಗಿನ ಡಬ್ಬಿ ಕಲಿಸಿದ್ದು.
"ಕಂದು," ಎಂದೆ.
"ಕಂದು ಬಾಗಿಲಿಗೆ, ಬೂಟಿಗೆ. ಇದಕ್ಕೆ ಜೀವ ಇದೆ."
"ರೊಟ್ಟಿಯ ಅಂಚಿನ ಹಾಗೆ..."
"ಯಾರ ಒಲೆಯ ರೊಟ್ಟಿ?"
"ಚಹದ ಹಾಗೆ."
"ಹಾಲೆಷ್ಟು?"
"ಸಂಜೆ ಬಿಸಿಲು ಬಿದ್ದ ಮರಳು."
"ಬಿಸಿಲು ಮುಂದಿನಿಂದಲೋ, ಹಿಂದಿನಿಂದಲೋ?"

ಸೋತು, ಮತ್ತೆ ನೋಡಿದೆ. ಕತ್ತಿನ ಇಳಿಜಾರು,
ಅಲ್ಲಿ ಗಾಳಿ ಕೂದಲನ್ನು ಬಿಡಿಸಿದಾಗ ಬುಡದಲ್ಲಿ ಕಾಣುವ ಬೆಳಕು.
"ನನ್ನ ತಂಗಿ ತಲೆಗೆ ನೀರು ಹಾಕಿಕೊಂಡು
ಕಿಟಕಿಗೆ ಬೆನ್ನು ಮಾಡಿ ಕೂತರೆ
ಹಣೆಯಂಚಿನ ಎಳೆಗೂದಲು ಒಣಗುತ್ತ ಬರುತ್ತದಲ್ಲ,
ಆ ಹೊತ್ತಿನದು."

ಅಜ್ಜನ ಕೈ ಮರಿಯ ಕತ್ತಿನ ಮೇಲೆ ನಿಂತಿತು.
"ಖೊಂಗೊರ್," ಎಂದ, ತೀರ ಮೆತ್ತಗೆ.
ನಮ್ಮಲ್ಲಿ ಅದು ಕುದುರೆಯ ಬಣ್ಣ,
ಮುದ್ದಿನವರನ್ನು ಕರೆಯುವ ಮಾತೂ ಹೌದು.
ಡೇರೆಯೊಳಗೆ ಎಡಗಡೆಯ ಮಂಚ ಹಾಸಿಗೆಯಿಲ್ಲದೆ ಬರಿದಾಗಿತ್ತು.
ನಾನು ಏನೂ ಕೇಳಲಿಲ್ಲ.

ಅಷ್ಟರಲ್ಲಿ ಮೊಮ್ಮಗ ದಾಶ್‌ನ್ಯಾಮ್ ಜೀನಿನ ಮೇಲಿಂದಲೇ,
"ಸುಳ್ಳು! ಅದು ಶರ್ಗ. ಬಾಲ ನೋಡಿ!"
ಬಾಗಿಲಲ್ಲಿ ಸೌಟು ಹಿಡಿದ ಸೊಸೆ,
"ಇದು ಚಳಿಗೆ ಬಂದ ಕೂದಲು. ವಸಂತಕ್ಕೆ ಉದುರಲಿ,
ಆಮೇಲೆ ಜಗಳಾಡಿ."
ಮರಿ ಕಾಲಗಲಿಸಿ ನಿಂತು ಹಿಮದ ಮೇಲೆ ಉಚ್ಚೆ ಹೊಯ್ದಿತು.
ಆ ಬಣ್ಣದ ಬಗ್ಗೆ ಯಾರಿಗೂ ತಕರಾರಿರಲಿಲ್ಲ.

ಜನವರಿಯಲ್ಲಿ ಕಚೇರಿಯಿಂದ ಫೋನು.
"ನೊಮುಂದಾರಿ, ಮೂವತ್ತೆಂಟನೆಯ ಸಾಲಿನಲ್ಲಿ ಒಂದು ಖಾನೆ ಖಾಲಿ."
"ಇನ್ನೂ ತೀರ್ಮಾನವಾಗಿಲ್ಲ."
"ಯಾರು ತೀರ್ಮಾನಿಸಬೇಕು?"
ನಾನು ಸುಮ್ಮನಿದ್ದೆ.
ಎಷ್ಟೋ ದೂರದಿಂದ, ತಂತಿಯಗುಂಟ,
ಪೆನ್ನಿನ ಸದ್ದು ಕೇಳಿಸಿತು.