ರುವಿಯಲ್ಲಿ, ಹೊಸಬನಿಗೆ

ಚಪ್ಪಲಿ ಅಲ್ಲೇ ಬಿಡು, ಮೂತಿ ಬಾಗಿಲ ಕಡೆಗಿರಲಿ.
ಯಾಕೆಂದು ನನಗೂ ಗೊತ್ತಿಲ್ಲ, ನಿಹಾಲ್ ಮಾಸ್ಟರ ಕಟ್ಟಳೆ.
ಹಗಲು ಕೆಳಗಿನ ಅಂಗಡಿಯಲ್ಲಿ ಟಯರು ಬಿಚ್ಚುವ ಕೈ
ರಾತ್ರಿ ಎಂಟೂವರೆಗೆ ಇಲ್ಲಿ ನಮ್ಮ ಕಾಲರು ಹಿಡಿಯುತ್ತದೆ.
ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ಒಂದು ವಾರ ಅಷ್ಟೆ,
ಆಮೇಲೆ ಅದು ನಿನ್ನದೇ ವಾಸನೆ.

ಉಗುರು ಕತ್ತರಿಸಿಕೊಂಡು ಬಾ, ತೌಫೀಕ್.
ಉಂಗುರ ತೆಗೆ. ಬರದಿದ್ದರೆ ಸೋಪು ಹಚ್ಚು.
ಮದುವೆಯದ್ದು ಎಂದು ಬಿಡದೆ ಇಟ್ಟುಕೊಂಡವನೊಬ್ಬನ ಉಂಗುರವನ್ನು
ಕ್ಲಿನಿಕ್ಕಿನಲ್ಲಿ ಗರಗಸ ಹಿಡಿದು ಕೊಯ್ದರು.
ಊರಿಂದ ವಿಡಿಯೋ ಕಾಲಿನಲ್ಲಿ ಹೆಂಡತಿ ವಿಚಾರಿಸಿದ್ದು
ಬೆರಳನ್ನಲ್ಲ.

ಊಟ ಆಮೇಲೆ. ಎರಡು ಖರ್ಜೂರ, ಅರ್ಧ ಬಾಟಲಿ ನೀರು ಸಾಕು.
ನಾನು ಮೊದಲ ದಿನ ಪರೋಟ ತಿಂದು ಬಂದಿದ್ದೆ.
ಮೂರನೇ ಚಾಪೆಯ ಅಂಚಿನಲ್ಲಿ ಕಲೆ ಇದೆ, ನೋಡು.

ಬಿಳಿ ಅಂಗಿಗೆ ಹನ್ನೆರಡು ರಿಯಾಲು. ಈ ತಿಂಗಳು ಬೇಡ,
ಸಂಬಳ ಬರಲಿ. ಪಟ್ಟಿ ಕಟ್ಟುವುದು ನಾನು ತೋರಿಸುತ್ತೇನೆ:
ಬಲೆಯ ಗಂಟಲ್ಲ, ದೋಣಿಯ ಗಂಟಲ್ಲ,
ಗಂಗೊಳ್ಳಿಯಲ್ಲಿ ಹುಟ್ಟಿದ ನನ್ನ ಬೆರಳಿಗೆ
ಇದು ಹತ್ತಲು ಹದಿನೈದು ದಿನ ಹಿಡಿಯಿತು.
ಗಂಟು ಗೊತ್ತು ಅಂದುಕೊಂಡವನಿಗೆ ಹೊಸ ಗಂಟು ತಡ.

ಈಗ ಹೇಳು. ಯಾರ ಮುಖ ತಂದಿದ್ದೀ?
ನಾಚಬೇಡ ಮಾರಾಯ, ಎಲ್ಲರೂ ಒಂದು ಮುಖ ತಂದಿರುತ್ತಾರೆ.
ಸಲೂನಿನ ರಂಜಾನ್ ಅಲಿ ತಂದದ್ದು ಅವನ ಭಾವನದು.
ಆ ಮೂಲೆಯ ನರ್ಸ್ ಮೆರ್ಲಿನ್ ಯಾರದೆಂದು ಹೇಳುವುದಿಲ್ಲ,
ಆದರೆ ಲಿಫ್ಟು ಹತ್ತುವುದಿಲ್ಲ,
ಐದು ಮಾಳಿಗೆ ನಡೆದೇ ಹೋಗುತ್ತಾಳೆ.
ನಾನು ತಂದದ್ದು ಗೋದಾಮಿನ ಫೋರ್‌ಮನ್ನಿನದು.
ನನ್ನ ಪಾಸ್‌ಪೋರ್ಟು ಅವನ ಡ್ರಾಯರಿನಲ್ಲಿ,
ನನ್ನ ರಜೆ ಅವನ ನಾಲಿಗೆಯ ತುದಿಯಲ್ಲಿ.
ಒಂದೇ ಒಂದು ಏಟು ಕಲಿಸಿ ಮಾಸ್ಟರೇ, ಎಂದೆ.

ಅವರು ಕಲಿಸಿದ್ದು ಬೀಳುವುದನ್ನು.

ಹಿಂದಕ್ಕೆ. ಪಕ್ಕಕ್ಕೆ. ಗದ್ದ ಎದೆಗೆ ಒತ್ತಿ,
ತೋಳಿನಿಂದ ಚಾಪೆಗೆ ಛಟೀರೆಂದು ಹೊಡೆದು,
ಉಸಿರು ಬಿಟ್ಟು. ಮತ್ತೆ. ಮತ್ತೆ.
ಮೂರು ತಿಂಗಳು ಬರೀ ಬೀಳುವುದು!
ಕೆಳಗೆ ಚಹಾದ ಲೋಟ ನಡುಗಿದಷ್ಟು ಸಲ
ಟಯರಂಗಡಿಯ ಹುಡುಗ ಲೆಕ್ಕ ಇಡುತ್ತಿದ್ದನಂತೆ.
ಬಿದ್ದೆಯೆಂದು ಇಲ್ಲಿ ಯಾರೂ ನಗುವುದಿಲ್ಲ,
ಕೈ ಊರಿದರೆ ಬೈಯುತ್ತಾರೆ.
ನೆಲ ಮೇಲೆ ಬರುವಾಗ ಕೈ ತಾನಾಗಿ ಮುಂದೆ ಹೋಗುತ್ತದೆ,
ಹುಟ್ಟಿನಿಂದ ಬಂದ ಚಾಳಿ.
ಮಣಿಕಟ್ಟು ಮುರಿಯುವುದು ಆಗಲೇ.

ಇನ್ನೊಂದು. ಎದುರಿನವ ಕತ್ತು ಬಿಗಿದಾಗ
ಎರಡು ಸಲ ತಟ್ಟು, ಅವನ ಬೆನ್ನಿಗೆ, ಚಾಪೆಗೆ, ಎಲ್ಲಾದರೂ.
ತಟ್ಟಿದ ಕೂಡಲೇ ಬಿಡುತ್ತಾನೆ. ಯಾಕೆಂದು ಕೇಳುವುದಿಲ್ಲ,
ಅರ್ಜಿ ಬೇಡ, ಸಹಿ ಬೇಡ, ನಾಳೆ ಬಾ ಎನ್ನುವುದಿಲ್ಲ.
ಒಂಬತ್ತು ವರ್ಷದಲ್ಲಿ
ಸಾಕು ಎಂದರೆ ಸಾಕಾಗುವ ಜಾಗ ನಾನು ಕಂಡದ್ದು ಇದೊಂದೇ.

ಹೋದ ಜುಲೈಯಲ್ಲಿ, ಗೋದಾಮಿನ ಇಳಿಜಾರಿನಲ್ಲಿ
ಮೀನಿನ ಐಸು ಕರಗಿ ಹರಿದಿತ್ತು.
ಮುಂದೆ ನಾನು, ಹಿಂದೆ ಫೋರ್‌ಮನ್.
ಇಬ್ಬರ ಕಾಲೂ ಒಟ್ಟಿಗೇ ಹೋಯಿತು.
ನಾನು ಗದ್ದ ಒತ್ತಿ, ಛಟೀರ್, ಎದ್ದು ನಿಂತಿದ್ದೆ.
ಅವನು ಕೈ ಊರಿದ.
ಆ ಮುಖವನ್ನು ಅಷ್ಟು ಹತ್ತಿರ ನೋಡಿದ್ದು ಅಂದೇ.
ಮೀಸೆಗೆ ಬಣ್ಣ ಹಚ್ಚುತ್ತಾನೆ, ಬೆವರಿಗೆ ಕೆಳಗಿಳಿದಿತ್ತು.
ಕಂಕುಳಿಗೆ ಕೈ ಕೊಟ್ಟು, ಸೊಂಟ ತಗ್ಗಿಸಿ ಎತ್ತಿದೆ.
ಎಸೆಯಲೆಂದು ಮಾಸ್ಟರು ಕಲಿಸಿದ ಹಿಡಿತವೇ ಅದು,
ಕೊನೆಗೆ ತಿರುಗಲಿಲ್ಲ, ಅಷ್ಟೆ.

ಪಾಸ್‌ಪೋರ್ಟೋ? ಇನ್ನೂ ಡ್ರಾಯರಿನಲ್ಲೇ ಇದೆ.
ಬೇರೆ ಕತೆ ಬೇಕಿದ್ದರೆ ಮಾಲಿನಲ್ಲಿ ಸಿನಿಮಾ ಇದೆ, ಹೋಗು.

ಬಾ. ಏಸಿ ಕೆಟ್ಟಿದೆ, ಟವೆಲು ತಂದಿದ್ದೀಯಾ?
ಆ ಮುಖವನ್ನು ಹೊರಗೆ ಬಿಟ್ಟು ಬಾ ಎನ್ನಲಾರೆ,
ಒಳಗೇ ತಾ, ಅದೂ ಬಿದ್ದು ಕಲಿಯಲಿ.
ಇವತ್ತು ರಂಜಾನ್ ಅಲಿಯ ಎದುರು ನಿಲ್ಲು.
ಹಿಡಿಯಬೇಡ ಈಗಲೇ.
ಮೊದಲು ಬಾಗು.