ಕಂದು, ಕಪ್ಪು, ಕೆಂಪು

ಬೀಡಿ ಕಟ್ಟುತ್ತಿದ್ದ ತಡ್ಪೆಯೇ ಇದು. ಅದೇ ಮಡಿಲು.
ಎಲೆ ಕತ್ತರಿಸುತ್ತಿದ್ದ ಜಾಗದಲ್ಲಿ ಈಗ
ಯಾರದೋ ಟಿವಿಯ ಹೊಟ್ಟೆಯಿಂದ ತೆಗೆದ ಹಸಿರು ಹಲಗೆ,
ಉಪ್ಪುಗಾಳಿ ತಿಂದು ಅಂಚೆಲ್ಲ ಕಿಲುಬು.

ಬಂದರಿನ ಗಲ್ಲಿ. ಕುಂಞಿಮೋನು ಬ್ಯಾರಿಯ ಗುಜರಿ.
ಮುಂದೆ ಮೆಣಸಿನ ಮಂಡಿ, ಹಿಂದೆ ಧಕ್ಕೆ.
ಸೀನು ಬಂದರೆ ಮೆಣಸು, ಓಕರಿಕೆ ಬಂದರೆ ಮೀನು,
ನಡುವೆ ರಾಳದ ಹೊಗೆ,
ಅದೊಂದು ಮಾತ್ರ ನನಗೆ ಹಿತ.

ಮೊದಲ ದಿನ ಕೇಳಿದರು:
"ಜಲಜಾಕ್ಷಿ, ಓದಲಿಕ್ಕೆ ಬರ್ತದಾ?"
ಐದನೇ ಕ್ಲಾಸು, ಅಂದೆ.
"ಸಾಕು. ಇದಕ್ಕೆ ಅಕ್ಷರ ಇಲ್ಲ, ಬಣ್ಣ ಉಂಟು."
ಅಂಗೈಯಲ್ಲಿ ಅಕ್ಕಿಕಾಳಿನಷ್ಟು ರೆಸಿಸ್ಟರು,
ಎರಡೂ ಕಡೆ ಕಾಲು, ಮೈಗೆ ಮೂರು ಪಟ್ಟಿ, ಕೊನೆಗೊಂದು ಚಿನ್ನದ ಗೆರೆ.
ಕಂದು ಒಂದು. ಕಪ್ಪು ಸೊನ್ನೆ.
ಆಮೇಲಿನ ಕೆಂಪು ಎಂದರೆ ಮತ್ತೆರಡು ಸೊನ್ನೆ.
ನಾನು ನನ್ನಷ್ಟಕ್ಕೆ ಉರು ಹೊಡೆದೆ:
ಕಂದು ಹೊಗೆಸೊಪ್ಪು, ಕಪ್ಪು ಸುಟ್ಟ ತುದಿ,
ಕೆಂಪು, ಸುತ್ತಿದ ನೂಲು.
ಒಟ್ಟು ಸಾವಿರ.
ನಗು ಬಂತು. ಇಪ್ಪತ್ತಾರು ವರ್ಷ
ನನ್ನ ಕೂಲಿಯೂ ಸಾವಿರಕ್ಕೆ ಇಷ್ಟು ಅಂತಲೇ.

ಬಿಸಿ ಕಡ್ಡಿಯನ್ನು ಬೆಸುಗೆಗೆ ಮುಟ್ಟಿಸಿ ಕಾಯಬೇಕು.
ಸೀಸ ಕನ್ನಡಿಯ ಹಾಗೆ ಹೊಳೆದ ಕ್ಷಣ ಎಳೆದರೆ ಬರುತ್ತದೆ.
ಮೊದಲೇ ಎಳೆದರೆ ಕಾಲು ಮುರಿಯುತ್ತದೆ,
ಹೊತ್ತು ಮೀರಿದರೆ ಒಳಗೊಳಗೇ ಬೆಂದು ಸಾಯುತ್ತದೆ.
ಹದ.
ಬೀಡಿ ಎಲೆಯನ್ನು ನೀರಿನಿಂದ ತೆಗೆಯುವಾಗಲೂ ಇದೇ.

ತಲೆ ಉಬ್ಬಿದ ಕೆಪಾಸಿಟರುಗಳು ಬಕೆಟ್ಟಿಗೆ.
ಉಳಿದವಕ್ಕೆ ಮೀಟರು ಹಿಡಿದು ಒಂದೊಂದನ್ನೂ ಕೇಳಬೇಕು.
ಡಿಪೋದ ಚೆಕ್ಕರ್ ಹಾಗೆ ಕೇಳಿದವನಲ್ಲ,
ಹಿಡಿಹಿಡಿಯಾಗಿ ಮುರಿದು ಮೂಲೆಗೆ ಒಗೆದು
"ಸೈಜಿಲ್ಲ" ಅನ್ನುತ್ತಿದ್ದ, ಮುಖ ಎತ್ತದೆ.
ಇಲ್ಲಿ ಮುಳ್ಳು ಅಲುಗಿದರೆ ಜೀವ ಉಂಟು, ಬಿಸ್ಕಿಟ್ ಡಬ್ಬಿಗೆ.
ಸುರತ್ಕಲ್ಲಿನಿಂದ ಕಾಲೇಜು ಹುಡುಗರು ಬರುತ್ತಾರೆ,
ಹೊಸದಕ್ಕೆ ನಲವತ್ತು, ನಮ್ಮಲ್ಲಿ ಹತ್ತು.
ಅದಕ್ಕೂ ಚೌಕಾಸಿ.

ನಿನ್ನೆ ಒಂದು ಆಂಪ್ಲಿಫಯರ್, ತೂಕಕ್ಕೆ ಬಂದದ್ದು.
ಒಳಗೆ ಹಲ್ಲಿಮೊಟ್ಟೆಯ ಸಿಪ್ಪೆ,
ಯಾವ ಮದುವೆಯದ್ದೋ ಒಣಗಿದ ಮಲ್ಲಿಗೆ.
ದೊಡ್ಡ ಟ್ರಾನ್ಸಿಸ್ಟರಿನ ಕಾಲಿಗೆ
ಕಡಲೆಕಾಳಿನಷ್ಟು ದಪ್ಪ ಬೆಸುಗೆ.
"ಯಾವ ಮಂಡೆ ಸಮ ಇಲ್ಲದವನ ಕೆಲಸ ಇದು?"
ಮೋನಾಕ ಕನ್ನಡಕ ಹಣೆಗೇರಿಸಿ ನೋಡಿದರು.
ತುಂಬ ಹೊತ್ತು ನೋಡಿದರು.
"ನಂದೇ."
ಮದುವೆಯಾದ ವರ್ಷವಂತೆ. ಕರೆಂಟು ಹೋಗಿ ಬಂದು ಮಾಡುತ್ತಿತ್ತಂತೆ,
ಕಡ್ಡಿ ಸಮ ಕಾಯುತ್ತಿರಲಿಲ್ಲವಂತೆ.
"ಟ್ರಾನ್ಸಿಸ್ಟರೂ ಆಗ ಹೊಸತಲ್ಲ ಮಾರಾಯ್ತಿ,
ಮಸ್ಕತ್ತಿನಿಂದ ಬಂದು ಮಳೆಗೆ ನೆನೆದ ಡೆಕ್ಕಿನದ್ದು."

ಬಿಡಿಸಿದೆ. ಅಷ್ಟು ಸೀಸ ಕರಗಲು ಹೊತ್ತು ಹಿಡಿಯಿತು,
ಚಾ ತಣಿಯಿತು.
ಮೀಟರು ಹಿಡಿದೆ.
ಮುಳ್ಳು ಅಲುಗಿತು.
"ಅದು ಬೇರೆ ಇಡು," ಅಂದರು.
ಡಬ್ಬಿಯ ಮುಚ್ಚಳ ಹಾಕುವಷ್ಟರಲ್ಲಿ, "ಬೇಡ,
ಅದರೊಟ್ಟಿಗೇ ಹಾಕು. ಯಾರಿಗಾದರೂ ಬೇಕಾದೀತು."

ಆರೂವರೆಗೆ ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸು ಹತ್ತುವಾಗ
ಸೆರಗಿಗೆ ಸಿಕ್ಕಿಕೊಂಡಿತ್ತು ಒಂದು ರೆಸಿಸ್ಟರು.
ದೀಪದ ಅಡಿಗೆ ಹಿಡಿದೆ:
ಹಳದಿ, ನೇರಳೆ, ಕಂದು. ನಾಲ್ಕುನೂರ ಎಪ್ಪತ್ತು.
ಕಂಡಕ್ಟರ್ ಚಿಲ್ಲರೆ ಅಂದುಕೊಂಡು ಕೈ ಚಾಚಿದ.
ನಾಳೆ ವಾಪಸು ಕೊಡಬೇಕು.
ನೇತ್ರಾವತಿ ದಾಟುವವರೆಗೂ
ಮುಷ್ಟಿ ಬಿಚ್ಚಲಿಲ್ಲ.