ಕಿವಿಗಲ್ಲು

ಮೀನಿನ ತಲೆಯೊಳಗೆ, ಮಿದುಳಿನ ಕೆಳಗೆ,
ಅವರೆಕಾಳಿನಷ್ಟು ಒಂದೊಂದು ಕಲ್ಲು, ಎಡಕ್ಕೊಂದು ಬಲಕ್ಕೊಂದು.
ಮುರಿದು, ದೀಪದ ಉರಿಗೆ ಹಿಡಿದು
ಮಸೂರದ ಕೆಳಗಿಟ್ಟರೆ
ಚಳಿಗಾಲಕ್ಕೊಂದು ಕಪ್ಪು ಬಳೆ, ಬೇಸಿಗೆಗೊಂದು ಬಿಳಿ.
ಎಣಿಸಿದರೆ ಮೀನಿನ ವಯಸ್ಸು.
ಇಷ್ಟೇ ವಿದ್ಯೆ.

ಇಷ್ಟನ್ನೇ ಇಪ್ಪತ್ತಾರು ವರ್ಷ ಮಾಡಿದವಳು ಸ್ಟೈನ್‌ವೋರ್,
ಫೆರೋ ದ್ವೀಪಗಳ ತೋರ್ಸ್‌ಹಾವ್ನ್ ಬಂದರಿನಲ್ಲಿ,
ಮಾಡಿನ ಮೇಲೆ ಹುಲ್ಲು ಬೆಳೆದ ಕಟ್ಟಡದಲ್ಲಿ.
ಅವಳ ಒಂದು ಪ್ರಬಂಧಕ್ಕೆ ಹೆಸರು ಬಂದಿತ್ತು:
ಕಡಲು ಬೆಚ್ಚಗಾದಂತೆ ಕಾಡ್ ಮೀನು ಬೇಗ ಬಲಿಯುತ್ತಿದೆ.
ಹನ್ನೊಂದು ಪುಟ, ನಾಲ್ಕು ನಕ್ಷೆ,
ಏರುವ ಒಂದು ಗೆರೆ,
ಮಂತ್ರಿಗಳಿಗೂ ಅರ್ಥವಾಗುವಷ್ಟು ನೇರ.
ಆ ಗೆರೆಯನ್ನು ನಂಬಿ ಬಲೆ ಇಳಿದವು,
ಹೊಸ ದೋಣಿಗೆ ಬ್ಯಾಂಕು ಸಾಲ ಕೊಟ್ಟಿತು.

ಹತ್ತು ವರ್ಷದ ಮೇಲೆ ಬರ್ಗೆನ್‌ನಿಂದ ಒಂದು ಕಾಗದ.
ಬರೆದವನು ಸಿಂದ್ರೆ, ವಯಸ್ಸು
ಅವಳ ಸೂಕ್ಷ್ಮದರ್ಶಕದಷ್ಟು.
‘ನಿಮ್ಮ ಮೀನುಗಳ ಬಲಗಲ್ಲು ನಮ್ಮ ಉಗ್ರಾಣದಲ್ಲಿವೆ.
ನಲವತ್ತನ್ನು ಎಣಿಸಿದೆ. ನನಗೆ ಬಳೆ ಹೆಚ್ಚು ಬರುತ್ತಿವೆ.
ತಪ್ಪು ನನ್ನದೇ ಇರಬಹುದು.
ಚೀಟಿ ನೋಡದೆ ಎಣಿಸಿದ್ದೆ, ಅದನ್ನು ಮೊದಲೇ ಹೇಳಬೇಕಿತ್ತು.’

ಎರಡು ದಿನ ಸಿಟ್ಟು.
ನಿನ್ನೆ ಮೊನ್ನೆ ಬಂದವನು, ಎಂದು ಗಂಡನೊಡನೆ ಗೊಣಗಿದಳು.
ಮೂರನೆಯ ದಿನ, ಗಾಳಿಗೆ ಒಣಗಿದ ಕುರಿಮಾಂಸ ಕೊಯ್ಯುತ್ತ,
ಚಾಕು ನಿಂತಿತು.
ಪ್ರತಿ ಲಕೋಟೆಯ ಮೇಲೆ
ಹಿಡಿದ ವರ್ಷ, ಮೀನಿನ ಉದ್ದ.
ಅದನ್ನು ಓದಿದ ಮೇಲೆ ಅಲ್ಲವೆ
ನಾನು ಮಸೂರಕ್ಕೆ ಕಣ್ಣಿಟ್ಟದ್ದು?

ಎಣಿಸು ಎಂದರೆ ಲೆಕ್ಕ ಮಾಡು.
ಎಣಿಸು ಎಂದರೆ, ಹಾಗಿರಬೇಕು ಎಂದುಕೋ.
ನಮ್ಮ ಭಾಷೆ ಎರಡಕ್ಕೂ ಒಂದೇ ಮಾತು ಇಟ್ಟುಕೊಂಡಿದೆ,
ಸೋಮಾರಿತನಕ್ಕೋ, ಎಚ್ಚರಿಕೆಗೋ.
ಅವಳಿಗೆ ಕನ್ನಡ ಬಾರದು.
ಆದರೂ ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಿದ್ದಳು:
ಇತ್ತೀಚಿನ ಮೀನು ಎಂದು ಗೊತ್ತಾದರೆ
ಸಣ್ಣ ಬಳೆಯನ್ನು ಸುಳ್ಳು ಬಳೆ ಎಂದಿದ್ದಳು,
ಹಳೆಯ ಮೀನಾದರೆ ಅದೇ ಬಳೆ ನಿಜ.

ನೆಲ ಒರೆಸುವ ರನ್ವಾಳನ್ನು ಕರೆದು
ಮುನ್ನೂರು ಕಲ್ಲು ಕೊಟ್ಟಳು.
ಹೊಸ ಲಕೋಟೆಗೆ ಹಾಕು, ಬರೀ ಸಂಖ್ಯೆ ಬರೆ,
ಯಾವುದು ಯಾವುದೆಂಬ ಪಟ್ಟಿ
ನಿನ್ನ ಮನೆಯ ಕಾಫಿ ಡಬ್ಬಿಯಲ್ಲಿರಲಿ.
ಕಾಲು ಹಿಡಿದು ಬೇಡಿದರೂ ನನಗೆ ಕೊಡಬೇಡ.

ಜನವರಿಯಲ್ಲಿ ಅವಳು ಬೇಡಿದಳು.
ರನ್ವಾ ಕೊಡಲಿಲ್ಲ.

ಹಗಲು ಐದೇ ಗಂಟೆಯ ಆ ಚಳಿಗಾಲದಲ್ಲಿ
ಪ್ರತಿ ಕಲ್ಲನ್ನೂ ಮೂರು ಸಲ, ಬೇರೆ ಬೇರೆ ದಿನ.
ಇನ್ನೂರ ಹದಿಮೂರನೆಯದಕ್ಕೆ
ಸೋಮವಾರ ಆರು, ಗುರುವಾರ ಏಳು,
ಮತ್ತೊಂದು ಸೋಮವಾರ, ಐದೂ ಅಲ್ಲ ಆರೂ ಅಲ್ಲ.
ಮೊದಲ ಬಾರಿ ಆ ಕೈ
ಅಂಕಿಯ ಕಾಲಂನಲ್ಲಿ ಪ್ರಶ್ನೆಚಿಹ್ನೆ ಬರೆಯಿತು.
ಅಂಥವು ಹದಿನೇಳಾದವು.

ಏಪ್ರಿಲ್‌ನಲ್ಲಿ ಡಬ್ಬಿ ತೆರೆದರು.
ಪಟ್ಟಿಗೆ ಕಾಫಿಯ ವಾಸನೆ.
ಗೆರೆ ಇನ್ನೂ ಏರುತ್ತಿತ್ತು,
ಮೊದಲಿನ ಅರ್ಧಕ್ಕೂ ಕಡಿಮೆ,
ಏರಿದೆಯೆಂದು ಆಣೆ ಮಾಡಲಾರದಷ್ಟು.

ದಕ್ಕೆಯಲ್ಲಿ ದೋಣಿಯ ಹಾನುಸ್ ತಡೆದು ಕೇಳಿದ:
ಹಾಗಾದರೆ ಅವತ್ತು ಹೇಳಿದ್ದು ಸುಳ್ಳೆ?
ಸುಳ್ಳಲ್ಲ, ಕಂಡದ್ದನ್ನೇ ಬರೆದೆ.
ಕಾಣಲಿ ಎಂದುಕೊಂಡದ್ದೇ ಕಂಡಿತ್ತು.
ಈಗ ಹೇಳುವುದು?
ಇದನ್ನೂ ಬೇರೆಯವರು ಎಣಿಸಲಿ.
ನನ್ನ ಸಾಲ ಯಾರು ಎಣಿಸುತ್ತಾರೆ, ಎಂದ ಹಾನುಸ್.
ಅದಕ್ಕೆ ಅವಳಲ್ಲಿ ಉತ್ತರವಿರಲಿಲ್ಲ.
ಹಗ್ಗ ಸುತ್ತುವುದಕ್ಕೆ ಕೈ ಕೊಟ್ಟಳು.

ತಿದ್ದುಪಡಿ ಎರಡು ಪುಟ, ಮೊದಲ ಸಾಲಿನಲ್ಲೇ
‘ನನ್ನ ತಪ್ಪು’ ಎಂಬ ಮಾತು.
ಸಂಪಾದಕರು ಅದನ್ನು ಮೆದು ಮಾಡಿ ಎಂದರು, ಮಾಡಲಿಲ್ಲ.
ಬರ್ಗೆನ್‌ಗೆ ಬೇರೆ ಒಂದು ಕಾಗದ:
‘ಸಿಂದ್ರೆ, ನೀನು ಹೇಳಿದ್ದು ಸರಿ.
ನಿನ್ನ ನಲವತ್ತರಲ್ಲಿ ಮೂರು ತಪ್ಪಿವೆ.
ಯಾವ ಮೂರು ಎಂದು ಹೇಳುವುದಿಲ್ಲ.
ಮತ್ತೆ ನೋಡು.’